ಪಂಚಾಯ್ತಿ ನಿವಾಸದ ಒಲೆ

ನನಗಾಗ ಐವತ್ತು ದಾಟಿ ಎರಡೋ ಮೂರೋ ಆಗಿತ್ತು. ಈ ಮಾತಿಗೆ ಈಗ ಇಪ್ಪತ್ತೈದು ವರ್ಷವಾದರೂ ಆಗಿರಬೇಕು. ಹುಟ್ಟಿದ ದಿನವನ್ನು ಯಾರೂ ಬರೆದಿಟ್ಟಿಲ್ಲ. ಕೆರೆ ಒಡೆದ ವರ್ಷ ಹುಟ್ಟಿದವಳು ಎಂದು ಅವ್ವ ಹೇಳುತ್ತಿದ್ದಳು, ಅದೇ ಲೆಕ್ಕ.

ನಮ್ಮೂರು ಸವದತ್ತಿ ತಾಲೂಕಿನದು. ಹೂಲಿಯಲ್ಲಿರುವ ಹಾಗೆ ನಮ್ಮಲ್ಲಿಯೂ ಕರಿಕಲ್ಲಿನ ಹಳೆಯ ಗುಡಿಗಳಿವೆ, ಆದರೆ ಹೂಲಿಗಿರುವ ಹೆಸರು ನಮ್ಮೂರಿಗಿಲ್ಲ. ನಾವು ಆ ಗುಡಿಗಳಲ್ಲಿ ಕರು ಕಟ್ಟುತ್ತಿದ್ದೆವು, ಅಂಗಳದ ಹಾಸುಗಲ್ಲಿನ ಮೇಲೆ ಮೆಣಸಿನಕಾಯಿ ಒಣಗಿಸುತ್ತಿದ್ದೆವು. ಯಾರಾದರೂ ನೋಡಲು ಬರುತ್ತಾರೆ ಎಂದು ನಮಗೆ ಯಾರಿಗೂ ಹೊಳೆದಿರಲಿಲ್ಲ.

ನನ್ನನ್ನು ರಾಮದುರ್ಗದ ಕಡೆ ಸಾಲಹಳ್ಳಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಗಂಡ ಸತ್ತ ಮೇಲೆ ಮೈದುನರು ಒಂದು ಬೀಸುವ ಕಲ್ಲು ಕೊಟ್ಟು, ಚಕ್ಕಡಿ ಹೂಡಿ ತವರಿಗೆ ಕಳಿಸಿದರು. ನನ್ನ ಪಾಲಿಗೆ ಬಂದದ್ದು ಅದೊಂದೇ. ತಮ್ಮನ ಮನೆಯಲ್ಲಿ ಹದಿನಾರು ವರ್ಷ ಇದ್ದೆ. ತಮ್ಮ ಕೆಟ್ಟವನಲ್ಲ, ಅವನ ಹೆಂಡತಿಯೂ ಕೆಟ್ಟವಳಲ್ಲ. ಆದರೆ ಇನ್ನೊಬ್ಬರ ಒಲೆಯ ಮುಂದೆ ಕುಳಿತವಳು ಎದ್ದರೂ ಕೇಳಿಸಿಕೊಳ್ಳಬೇಕು, ಕುಳಿತರೂ ಕೇಳಿಸಿಕೊಳ್ಳಬೇಕು. ಉಪ್ಪು ಎಷ್ಟು ಹಾಕಿದೆ, ಎಲ್ಲಿಗೆ ಹೋಗಿದ್ದೆ, ಯಾರ ಹತ್ತಿರ ನಿಂತು ಮಾತಾಡಿದೆ. ಬೈಗುಳ ಅಲ್ಲ ಅದು, ಬರೀ ಕೇಳುವುದು. ಬೈದರೆ ತಿರುಗಿ ಬೈಯಬಹುದು. ಕೇಳಿದರೆ ಹೇಳಲೇಬೇಕು.

ಹಾಗಿದ್ದಾಗ ನಮ್ಮ ಪಂಚಾಯ್ತಿಗೆ ಒಬ್ಬ ಹೊಸ ಚೇರಮನ್ ಬಂದರು. ನನಗಿಂತ ನಾಲ್ಕಾರು ವರ್ಷ ಚಿಕ್ಕವರು. ಹೊಲ-ಮನೆ ಇದ್ದ ಒಕ್ಕಲುತನದವರು, ಮಾತು ಜೋರು, ಕೆಲಸವೂ ಜೋರು. ಅವರು ಒಂದು ಸಲ ಬೀಗರ ಕೆಲಸಕ್ಕೆ ಬಾದಾಮಿಗೆ ಹೋಗಿ, ಅಲ್ಲಿ ಮೋಟಾರುಗಳು ಸಾಲು ಹಚ್ಚಿ ನಿಂತದ್ದನ್ನು ನೋಡಿಕೊಂಡು ಬಂದಿದ್ದರು. ಬಂದವರೇ ಚಾವಡಿಯಲ್ಲಿ ಮಂದಿ ಕೂಡಿಸಿ ಕೇಳಿದರು.

"ಅಲ್ಲಿ ಇರೂದೂ ಕಲ್ಲ, ಇಲ್ಲಿ ಇರೂದೂ ಕಲ್ಲ. ಅಲ್ಲಿಗೆ ಹೋಗೂ ಮಂದಿ ಇಲ್ಲಿಗ್ಯಾಕ ಬರಂಗಿಲ್ಲ?"

"ಇಲ್ಲಿ ಬಂದ್ರ ಸಗಣಿ ತುಳೀಬೇಕಲ್ರಿ, ಅದಕ್ಕ," ಎಂದರು ಕಿರಾಣಿ ಅಂಗಡಿಯ ಮೆಂಬರು. ಮಂದಿ ನಕ್ಕರು.

ಚೇರಮನ್ರು ನಗಲಿಲ್ಲ. ಸರಕಾರದವರು ಬಂದು ಮಾಡಲಿ ಎಂದು ಕಾಯುವವರೂ ಅವರಲ್ಲ. ಎಂಟು ದಿನದೊಳಗೆ ಗುಡಿಯಿಂದ ಕರುಗಳನ್ನು ಬಿಡಿಸಿದರು, ಸುತ್ತಲಿನ ಜಾಲಿ ಕಡಿಸಿದರು. ಬೈಲಹೊಂಗಲದ ರಸ್ತೆ ಕೂಡುವಲ್ಲಿ ಬಾಣದ ಗುರುತು ಹಾಕಿ ಬೋರ್ಡು ನಿಲ್ಲಿಸಿದರು. ಊರ ಹೊರಗೆ ಒಂದು ಹಳೆಯ ಹತ್ತಿ ಗೋದಾಮು ಖಾಲಿ ಬಿದ್ದಿತ್ತು. ಅದನ್ನು ಪಂಚಾಯ್ತಿಯಿಂದಲೇ ಹಿಡಿದು, ನಡುವೆ ಗೋಡೆ ಎಬ್ಬಿಸಿ ಎರಡು ಖೋಲಿ, ಹಿಂದೆ ಒಂದು ಅಡುಗೆಮನೆ ಮಾಡಿಸಿದರು. ಪ್ರವಾಸಿ ನಿವಾಸ ಎಂದು ಹೆಸರಿಟ್ಟರು. ಖೋಲಿಯ ಬಾಡಿಗೆ ಪಂಚಾಯ್ತಿಗೆ, ಊಟದ ರೊಕ್ಕ ಅಡುಗೆಯವಳಿಗೆ. ಅಡುಗೆಯವಳು ಅಲ್ಲಿಯೇ ಇರಬೇಕು.

ಅಡುಗೆಯವಳು ಯಾರು ಎಂಬ ಮಾತು ಬಂದಾಗ ನಾನೇ ಎದ್ದು ನಿಂತೆ. ಯಾರೂ ಕರೆದಿರಲಿಲ್ಲ.

ತಮ್ಮನ ಹೆಂಡತಿ ನನ್ನ ಸೀರೆಗಳನ್ನು ಗಂಟು ಕಟ್ಟಿಕೊಟ್ಟಳು. ಬೀಸುವ ಕಲ್ಲಿಗೆ ಕೈ ಹಾಕಿದಾಗ ಮಾತ್ರ, "ಅದನ್ನ ಇಲ್ಲೇ ಬಿಡ್ರಿ ಅಕ್ಕಾರ," ಎಂದಳು. "ಹೋಗೂದು ಬರೂದು ಎರಡೂ ಸಲ ಎದಕ ಹೊರತೀರಿ?"

ತಿರುಗಿ ಬರುತ್ತಾಳೆ ಎಂದು ಅವಳಿಗೆ ಖಾತ್ರಿ ಇತ್ತು. ನನಗೂ ಇತ್ತೇನೋ. ಕಲ್ಲನ್ನು ಅವರ ಪಡಸಾಲೆಯ ಮೂಲೆಯಲ್ಲಿ ಬಿಟ್ಟೆ. ಹಿಟ್ಟನ್ನು ಗಿರಣಿಯಲ್ಲಿ ಹಾಕಿಸಿಕೊಂಡು ನಿವಾಸಕ್ಕೆ ಹೋದೆ.

ಗೋದಾಮಿಗೆ ಸುಣ್ಣ ಬಳಿದರೂ ಹತ್ತಿಯ ವಾಸನೆ ಹೋಗಿರಲಿಲ್ಲ. ಗಾಳಿ ಬಿಟ್ಟಾಗ ತೊಲೆಯ ಸಂದಿನಿಂದ ಹಳೆಯ ಅರಳೆ ಉದುರುತ್ತಿತ್ತು. ಬಾಗಿಲ ಪಕ್ಕದಲ್ಲಿ ಚೇರಮನ್ರು ದರದ ಬೋರ್ಡು ಹೊಡೆಸಿದ್ದರು. ನಾನು ಸಾಕ್ಷರತೆಯವರ ಸಾಲೆಯಲ್ಲಿ ಕುಳಿತು ನಾಲ್ಕಕ್ಷರ ಕಲಿತವಳು, ಕೂಡಿಸಿ ಕೂಡಿಸಿ ಓದಿದೆ. "ಉತ್ತರ ಕರ್ನಾಟಕ ಶೈಲಿಯ ಊಟ" ಎಂದಿತ್ತು.

"ಶೈಲಿ ಅಂದ್ರ ಏನ್ರಿ ಚೇರಮನ್ರ? ಅದು ನಂಗ ಮಾಡಾಕ ಬರಂಗಿಲ್ಲ."

"ನೀವು ದಿನಾ ಮಾಡೂದಕ್ಕ ಶೈಲಿ ಅಂತಾರ್ರಿ ಅಕ್ಕಾರ. ಹೊಸಾದೇನೂ ಮಾಡಬ್ಯಾಡ್ರಿ."

ಆ ದಸರೆಯ ಬೆನ್ನಿಗೇ ಮಂದಿ ಬಂದರು. ಸುಳ್ಳು ಹೇಳಬಾರದು, ಬೋರ್ಡಿನ ಬಾಣ ಕೆಲಸ ಮಾಡಿತ್ತು. ಹುಬ್ಬಳ್ಳಿ ಕಡೆಯ ಒಂದು ಕಾಲೇಜಿನ ಹುಡುಗರು, ಮಾಸ್ತರರು, ಒಂದು ಬಸ್ಸು ತುಂಬ. ಮೊದಲೇ ತಿಳಿಸಿದ್ದರು. ನಾನು ಕೋಳಿ ಕೂಗುವ ಮೊದಲೇ ಎದ್ದು ರೊಟ್ಟಿ ಬಡಿಯಲು ಕುಳಿತೆ. ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಶೇಂಗಾದ ಚಟ್ನಿ, ಮೊಸರು. ರೊಟ್ಟಿಯ ಅಟ್ಟಿ ನನ್ನ ಮೊಣಕಾಲಿನ ಎತ್ತರಕ್ಕೆ ಬಂದಿತ್ತು. ಬಿಳಿ ಬಟ್ಟೆ ಹೊದಿಸಿ ಬಾಗಿಲಲ್ಲಿ ನಿಂತೆ.

ಮಂದಿ ಗುಡಿ ನೋಡಿ ಹೊರಗೆ ಬಂದರು. ಅಲ್ಲಿಯೇ ನಮ್ಮೂರವರು ನಿಂತಿದ್ದರು. ಬೀಗರು ಬಂದಾಗ ಹಂಚಿಕೊಳ್ಳುತ್ತಾರಲ್ಲ, ಹಾಗೆ ಹಂಚಿಕೊಂಡರು. "ಈ ನಾಲ್ಕ ಮಂದಿ ನಮ್ಮ ಮನಿಗೆ," "ಮಾಸ್ತರು ನಮ್ಮಲ್ಲಿಗೆ." ಚೇರಮನ್ರೇ ಎಲ್ಲರಿಗಿಂತ ಮುಂದೆ. ಹತ್ತು ಹುಡುಗರನ್ನು ಮುಂದೆ ಹಾಕಿಕೊಂಡು ನನ್ನ ಬಾಗಿಲ ಎದುರಿಗೇ ಹಾದುಹೋದರು. ಅವರ ಮನೆಯಲ್ಲಿ ಹೋಳಿಗೆ ಮಾಡಿದ್ದರು.

"ಚೇರಮನ್ರ, ಇಲ್ಲಿ ಅಡಗಿ ಆಗೇತಿ," ಎಂದು ಕೂಗಿದೆ.

"ಇರಲಿ ಬಿಡ್ರಿ ಅಕ್ಕಾರ, ಇವತ್ತೊಂದ ದಿನ," ಎಂದರು.

ಇವತ್ತೊಂದು ದಿನ ಅಲ್ಲ, ಪ್ರತಿ ಸಲವೂ ಅದೇ ಆಯಿತು. ನಮ್ಮ ಕಡೆ ಅನ್ನ ಮಾರಬಾರದು ಎನ್ನುತ್ತಾರೆ. ಊರಿಗೆ ಬಂದವನು ಯಾರ ಪೈಕಿಯೇ ಇರಲಿ, ಉಂಡು ಹೋಗಬೇಕು. ಅವನು ರೊಕ್ಕ ಕೊಟ್ಟು ಉಂಡರೆ ಊರಿಗೇ ಅವಮಾನ. ಸವದತ್ತಿಯಂಥ ಪ್ಯಾಟೆಯಲ್ಲಿ ಖಾನಾವಳಿ ಇರಬಹುದು, ಪ್ಯಾಟೆಗೆ ಮಾನ ಇರುವುದಿಲ್ಲ ಎಂದು ನಮ್ಮವರ ತಿಳುವಳಿಕೆ. ನಿವಾಸ ಕಟ್ಟಿಸಿದವರೂ ಅವರೇ, ದರದ ಬೋರ್ಡು ಬರೆಸಿದವರೂ ಅವರೇ. ಬಂದ ಗಿರಾಕಿಯನ್ನು ಕೈಹಿಡಿದು ಮನೆಗೆ ಎಳೆದುಕೊಂಡು ಹೋಗುವವರೂ ಅವರೇ. ಇವೆರಡೂ ಒಂದಕ್ಕೊಂದು ಕೂಡುವುದಿಲ್ಲ ಎಂದು ಯಾರಿಗೂ ಅನಿಸಲಿಲ್ಲ.

ನನಗೂ ಅದು ಸುಲಭವಿರಲಿಲ್ಲ. ಒಂದು ಸಂಜೆ ಬೈಲಹೊಂಗಲದ ಹತ್ತಿ ದಲಾಲಿಯೊಬ್ಬರು ಬಸ್ಸು ತಪ್ಪಿ ನಿವಾಸಕ್ಕೆ ಬಂದರು. ಗುಡಿ ನೋಡಲು ಬಂದವರಲ್ಲವಲ್ಲ, ಊರವರು ಅವರನ್ನು ಎಳೆಯಲಿಲ್ಲ. ನನ್ನ ಕೈಯ ಅಡುಗೆ ಉಂಡರು, ಎರಡು ಸಲ ಪಲ್ಯ ಹಾಕಿಸಿಕೊಂಡರು. ಎಷ್ಟಾಯಿತು ಎಂದು ಕೇಳಿದರು. ನಾನು ಬೋರ್ಡಿನ ಕಡೆ ಕೈ ಮಾಡಿ ಒಲೆಯ ಕಡೆ ಮುಖ ತಿರುಗಿಸಿ ಕುಳಿತೆ. ಅವರು ಕಟ್ಟೆಯ ಮೇಲೆ ತಂಬಿಗೆಯ ಕೆಳಗೆ ರೊಕ್ಕ ಇಟ್ಟು ಹೋದರು. ಬೆಳಗಿನ ತನಕ ಅದನ್ನು ಮುಟ್ಟಲಿಲ್ಲ. ಬೆಳಗಾದ ಮೇಲೆ ತೆಗೆದು ಸೊಂಟಕ್ಕೆ ಸಿಗಿಸಿದೆ. ಏನೂ ಆಗಲಿಲ್ಲ. ಕೈ ಉರಿಯಲಿಲ್ಲ.

ಆ ಚಳಿಗಾಲ ಉದ್ದವಾಗಿತ್ತು. ಸಂಜೆಯ ಬಸ್ಸು ರಸ್ತೆಯ ಬೋರ್ಡಿನ ಹತ್ತಿರ ನಿಂತು ಹೊರಡುವ ಸಪ್ಪಳ ನಿವಾಸದ ತನಕ ಕೇಳುತ್ತಿತ್ತು. ಆಮೇಲೆ ಗುಡಿಯಿಂದ ಬಾವಲಿಗಳು ಹೊರಡುತ್ತಿದ್ದವು. ಆಮೇಲೆ ಏನೂ ಇಲ್ಲ. ನಾನು ಎರಡೂ ಖೋಲಿಯ ಹಾಸಿಗೆ ಝಾಡಿಸಿ ಮತ್ತೆ ಹಾಸುತ್ತಿದ್ದೆ. ಯಾರೂ ಮಲಗದ ಹಾಸಿಗೆಗೂ ಧೂಳು ಬರುತ್ತದೆ. ಬಂದವರಿಗೆಂದು ಬಡಿದ ರೊಟ್ಟಿ ಒಣಗಿ ಕಟಕ್ ಎನ್ನುತ್ತಿತ್ತು. ಅದನ್ನು ಮೊಸರಿಗೆ ಅದ್ದಿ ತಿನ್ನುತ್ತಿದ್ದೆ. ನಾನು ಬಡಿದ ರೊಟ್ಟಿಯನ್ನು ನಾನೇ ತಿನ್ನುವುದರಲ್ಲಿ ರುಚಿ ಇಲ್ಲ, ಇದನ್ನು ಹೆಂಗಸರೆಲ್ಲರೂ ಒಪ್ಪುತ್ತಾರೆ.

ಒಂಟಿಯಾಗಿದ್ದೆ, ನಿಜ. ಅಳುತ್ತಿದ್ದೆನೇ ಎಂದರೆ ಇಲ್ಲ. ತಮ್ಮನ ಮನೆಯಲ್ಲಿ ಎಂಟು ಮಂದಿಯ ನಡುವೆ ಇದ್ದಾಗಲೂ ಒಂಟಿಯಾಗಿಯೇ ಇದ್ದೆ. ಇಲ್ಲಿ ಒಲೆಯಾದರೂ ನನ್ನದಿತ್ತು. ಬೇಕೆಂದಾಗ ಹೊತ್ತಿಸುತ್ತಿದ್ದೆ, ಬೇಡವೆಂದಾಗ ಆರಿಸುತ್ತಿದ್ದೆ.

ಸಂಕ್ರಾಂತಿ ದಾಟಿದ ಮೇಲೆ ಚಾವಡಿಯಲ್ಲಿ ಸಭೆ ಆಯಿತು. ನನ್ನನ್ನೂ ಕರೆಸಿದರು. ಬಾಗಿಲ ಹತ್ತಿರ ಕುಳಿತೆ.

"ನಿವಾಸ ನಡೀವಲ್ದು," ಎಂದರು ಕಿರಾಣಿ ಅಂಗಡಿಯ ಮೆಂಬರು. "ಗುಡಿ ನೋಡಾಕ ಬಂದಾವರೊಳಗ ಒಬ್ಬ ಗಿರಾಕಿ ಉಂಡಿಲ್ಲ. ಉಣ್ಣೂದಿಲ್ಲಂದ ಮ್ಯಾಲ ಮಂದಿ ಅಲ್ಲಿ ವಸ್ತಿ ಎದಕ ಮಾಡ್ತಾರ? ಸುಮ್ಮನ ಗೊಬ್ಬರದ ಚೀಲಾ ತುಂಬಾಕ ಕೊಡೂಣು. ಅಡಗಿ ಚಲೋ ಇದ್ರ ಮಂದಿ ಬರ್ತಿದ್ರು."

ನನಗೆ ತಡೆಯಲಾಗಲಿಲ್ಲ. "ನನ್ನ ಅಡಗಿ ಚಲೋ ಇಲ್ಲಂತ ಯಾರ ಹೇಳಿದ್ರು? ಆ ದಲಾಲಿ ಬಿಟ್ರ ಉಂಡಾವರ ಯಾರದಾರ? ನೀವು ಉಣ್ಣಾಕ ಬಿಟ್ಟೀರೇನು? ಆ ಕಾಲೇಜಿನ ಹುಡುಗೂರಿಗೆ ನಿಮ್ಮ ಮನ್ಯಾಗ ಅಷ್ಟ ಕಟ್ಟಿನ ಸಾರು ಸುರದ್ರಿ, ಇಬ್ಬರು ಬಸ್ಸಿನ್ಯಾಗ ವಾಂತಿ ಮಾಡ್ಕೊಂಡ ಹೋದ್ರು."

ಚಾವಡಿಯಲ್ಲಿ ನಗೆ ಎದ್ದಿತು. ಮೆಂಬರು ಮುಖ ಕೆಂಪು ಮಾಡಿಕೊಂಡರು.

"ಹಂಗಂದ್ರ ಬಂದವರ್ನ ಉಪವಾಸ ಕಳಸೂದೇನು?"

"ನನ್ನ ಬಾಗಲಕ್ಕ ಕಳಸ್ರಿ ಅಂದೆ. ಉಪವಾಸ ಅಂದಿಲ್ಲ."

ಚೇರಮನ್ರು ಎರಡೂ ಕೈ ಎತ್ತಿದರು. "ಅಕ್ಕಾರ ಮಾತು ಸುಳ್ಳಲ್ಲ. ಆದ್ರ ಅಕ್ಕಾರ, ನಮ್ಮೂರಿಗೆ ಬಂದಾವ ರೊಕ್ಕಾ ಎಣಿಸಿ ಉಂಡಾ ಅಂದ್ರ ನಾಳೆ ನಾಲ್ಕ ಮಂದಿ ಮುಂದ ನಾವು ಮಾರಿ ಹೆಂಗ ತೋರಸೂದು?"

"ಮಲಗಾಕ ರೊಕ್ಕಾ ಇಸ್ಕೊಳ್ಳಾಕ ಮಾರಿ ಐತಿ, ಉಣ್ಣಾಕ ಇಲ್ಲ?"

ಚೇರಮನ್ರು ಎತ್ತಿದ ಕೈ ಕೆಳಗಿಳಿಸಿದರು. ಯುಗಾದಿಯ ತನಕ ನೋಡೋಣ ಎಂದರು. ಅಷ್ಟರಲ್ಲಿ ನಿವಾಸದಲ್ಲಿ ಮಂದಿ ಉಂಡು, ತಂಗಿ ಹೋಗುವುದಾದರೆ ಸರಿ. ಇಲ್ಲವಾದರೆ ನಾನು ಕೀಲಿ ತಂದು ಚಾವಡಿಯಲ್ಲಿ ಇಡಬೇಕು. ಕೀಲಿ ಇಟ್ಟರೆ ನಾನೆಲ್ಲಿಗೆ ಹೋಗುವುದು ಎಂದು ಯಾರೂ ಕೇಳಲಿಲ್ಲ. ತಮ್ಮ ಅಲ್ಲಿಯೇ ಕುಳಿತಿದ್ದ, ನೆಲ ನೋಡುತ್ತಿದ್ದ.

ಶಿವರಾತ್ರಿ ಆಯಿತು. ಬಿಸಿಲು ಏರಿತು. ಬಿಸಿಲಿಗೆ ಯಾರು ಬರುತ್ತಾರೆ? ನಾನು ಮನಸ್ಸಿನಲ್ಲಿಯೇ ಸೀರೆಗಳನ್ನು ಗಂಟು ಕಟ್ಟಲು ಹತ್ತಿದ್ದೆ.

ಆಗ ಒಬ್ಬ ಹೆಣ್ಣುಮಗಳು ಬಂದಳು. ಒಬ್ಬಳೇ. ಮೈಸೂರು ಕಡೆಯವಳು, ನಲವತ್ತರ ಆಸುಪಾಸು. ಗುಡಿಯ ಕಂಬಗಳ ಚಿತ್ರ ಬರೆದುಕೊಳ್ಳುವುದು ಅವಳ ಕೆಲಸ. ಕೈಯಲ್ಲಿ ದೊಡ್ಡ ಕಾಗದದ ಸುರುಳಿ, ಹೆಗಲಿಗೆ ಚೀಲ. ಒಂದು ಖೋಲಿ ಹಿಡಿದು, ಎಂಟು ದಿನ ಇರುತ್ತೇನೆ ಎಂದಳು. ನಾನು ಒಲೆ ಹೊತ್ತಿಸುವ ಮೊದಲೇ ಚೇರಮನ್ರ ಮನೆಯಿಂದ ಕರೆ ಬಂತು. ಹೋದಳು. ಹೋಗಲಾರೆ ಎಂದು ಹೇಳಲು ಅವಳಿಗೆ ಹೇಗೆ ಬಂದೀತು?

ಮರುದಿನ ಮಧ್ಯಾಹ್ನ ಕಿರಾಣಿಯವರ ಮನೆ. ತಿರುಗಿ ಬಂದವಳು ನನ್ನ ಅಡುಗೆಮನೆಯ ಹೊಸ್ತಿಲ ಮೇಲೆ ಧಪ್ಪನೆ ಕುಳಿತಳು.

"ಅಮ್ಮಾ, ನೀವು ಊಟ ಹಾಕ್ತೀರಂತೆ, ಬೋರ್ಡ್ ಇದೆಯಲ್ಲ. ರಾತ್ರಿ ನನಗೆ ಇಲ್ಲೇ ಹಾಕ್ತೀರಾ?"

"ಯಾಕ, ಅವರ ಅಡಗಿ ಸೇರಲಿಲ್ಲೇನು?"

"ಅಡುಗೆ ತುಂಬಾ ಚೆನ್ನಾಗಿತ್ತು. ಎಲ್ಲರೂ ಒಳ್ಳೆಯವರೇ. ಆದರೆ ಒಂದೊಂದು ತುತ್ತಿಗೂ ಒಂದೊಂದು ಪ್ರಶ್ನೆ ಅಮ್ಮಾ. ಮದುವೆ ಯಾಕಾಗಿಲ್ಲ, ಅಪ್ಪ-ಅಮ್ಮ ಹೇಗೆ ಬಿಟ್ಟರು, ಜಾತಿ ಯಾವುದು, ಒಬ್ಬಳೇ ಮಲಗೋಕೆ ಹೆದರಿಕೆ ಆಗಲ್ವಾ. ಉಂಡ ಮೇಲೆ ಉತ್ತರ ಕೊಡದೆ ಏಳೋಕಾಗುತ್ತಾ? ದುಡ್ಡು ಕೊಟ್ಟು ಉಂಡರೆ ಸುಮ್ಮನೆ ಉಣ್ಣಬಹುದು."

ನಾನು ಹಿಟ್ಟು ನಾದುತ್ತಿದ್ದ ಕೈಯನ್ನು ನಿಲ್ಲಿಸಿದೆ. ಹದಿನಾರು ವರ್ಷ ನನ್ನ ಬಾಯಿಗೆ ಬರದ ಮಾತನ್ನು ಇವಳು ಬಂದ ಎರಡು ದಿನಕ್ಕೆ ಹೇಳಿಬಿಟ್ಟಳು. ಬದನೆಕಾಯಿ ತಿನ್ನುತ್ತೀಯೋ ಇಲ್ಲವೋ ಎಂದಷ್ಟೇ ಕೇಳಿದೆ.

ದೀಪ ಹಚ್ಚುವ ಹೊತ್ತಿಗೆ ಚೇರಮನ್ರು ಬಂದರು. ಹೆಗಲ ಮೇಲೆ ಹೊಸ ಟವೆಲು. ಮನೆಯಲ್ಲಿ ಮತ್ತೆ ಹೋಳಿಗೆ. ಹೆಣ್ಣುಮಗಳು ತನ್ನ ಖೋಲಿಯ ಬಾಗಿಲಿಗೆ ಬಂದು ನನ್ನ ಮುಖ ನೋಡಿದಳು. ನಾನು ಹೋಗಿ ಹೊರಬಾಗಿಲಲ್ಲಿ ನಿಂತೆ, ಎರಡೂ ಕೈ ಚೌಕಟ್ಟಿಗೆ ಹಚ್ಚಿ.

"ಆಕಿ ಇಲ್ಲೇ ಉಣ್ಣಾಕಿ."

"ಏನ್ರಿ ಅಕ್ಕಾರ ಇದು? ದಾರಿ ಬಿಡ್ರಿ. ಮನ್ಯಾಗ ಎಲಿ ಹಾಕ್ಯಾರ."

"ಹಾಕಿದ್ರ ನೀವು ಉಣ್ರಿ. ಇಲ್ಲಿ ರೊಟ್ಟಿ ಹಂಚಿನ ಮ್ಯಾಲ ಐತಿ, ಹೊತ್ತಾಕತ್ತೈತಿ. ಲಗೂನ ಹೇಳ್ರಿ."

"ಒಬ್ಬಂಟಿ ಹೆಣಮಗಳು, ನಮ್ಮೂರಿಗೆ ಬಂದಾಳ. ಆಕಿ ಕೈಯಾಗಿನ ರೊಕ್ಕಾ ಇಸ್ಕೊಂಡು ಕೂಳ ಹಾಕತೀರಿ?"

"ಹೌದು, ಇಸ್ಕೊತೇನಿ. ನೀವ ಬೋರ್ಡ ಬರಸೀರಿ, ನಾ ಬರಸಿಲ್ಲ. ಅದನ್ನ ಕಿತ್ತ ಒಗೀರಿ, ಇಲ್ಲಾ ಈ ಬಾಗಲಾ ಬಿಟ್ಟ ಹೋಗ್ರಿ. ಯಾವದರ ಒಂದು ಮಾಡ್ರಿ."

ಅವರು ದನಿ ಏರಿಸಿದರು. ನನ್ನ ತಮ್ಮನ ಮನೆತನ, ನಮ್ಮಪ್ಪನ ಹೆಸರು ಎಲ್ಲ ತೆಗೆದರು. ನಾನು ಕದಲಲಿಲ್ಲ. ಕೊನೆಗೆ ಹೆಣ್ಣುಮಗಳೇ ಹಿಂದಿನಿಂದ, "ಸರ್, ಬೇಜಾರು ಮಾಡ್ಕೋಬೇಡಿ, ನಾನೇ ಇವರನ್ನು ಕೇಳಿದ್ದು," ಎಂದಳು.

ಚೇರಮನ್ರು ಬಾಗಿಲಿಂದ ಹಿಂದೆ ಸರಿದರು. ಆದರೆ ಹೋಗಲಿಲ್ಲ. ಹೊರಗಿನ ಕಟ್ಟೆಯ ಮೇಲೆ ಕುಳಿತರು. ನಾನು ಒಳಗೆ ಹೋಗಿ ಎಡೆ ಮಾಡಿದೆ. ಒಂದು ಕಡೆ ರೊಟ್ಟಿ ಕರ್ರಗಾಗಿತ್ತು, ಅದನ್ನು ನನಗಿಟ್ಟುಕೊಂಡೆ. ಅವಳು ಉಂಡಳು. ಒಂದು ಮಾತೂ ಆಡಲಿಲ್ಲ, ನಾನೂ ಏನೂ ಕೇಳಲಿಲ್ಲ. ಅಷ್ಟು ಸುಮ್ಮನೆ ಒಬ್ಬರು ಉಂಡದ್ದನ್ನು ನಾನು ಅದಕ್ಕಿಂತ ಮೊದಲು ನೋಡಿರಲಿಲ್ಲ. ಉಂಡು ಕೈ ತೊಳೆದು ರೊಕ್ಕ ಚಾಚಿದಳು. ಈ ಸಲ ನಾನು ಮುಖ ತಿರುಗಿಸಲಿಲ್ಲ. ಕೈ ಒಡ್ಡಿ ಇಸಿದುಕೊಂಡೆ.

ಹೊರಗೆ ಹೋದಾಗ ಚೇರಮನ್ರು ಇನ್ನೂ ಕುಳಿತಿದ್ದರು. ನೀರು ಕೇಳಿದರು. ತಂಬಿಗೆ ಕೊಟ್ಟೆ.

"ನೀರಿಗೂ ಬೋರ್ಡಿನ್ಯಾಗ ರೇಟ್ ಐತೇನ್ರಿ?"

"ನೀರಿಗೆ ಇಲ್ಲ. ಕುಡೀರಿ."

ಗಟಗಟನೆ ಕುಡಿದರು. ತಂಬಿಗೆಯನ್ನು ನನ್ನ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟರು. "ಕೀಲಿ ನಿಮ್ಮ ಹಂತೇಕನ ಇರಲಿ. ಮೆಂಬರ್‌ಗ ನಾ ಹೇಳತೇನಿ," ಎಂದರು. ಎದ್ದು ಎರಡು ಹೆಜ್ಜೆ ಹೋಗಿ ನಿಂತರು. "ಆದ್ರ ನನ್ನ ಮುಂದ ರೊಕ್ಕಾ ಇಸ್ಕೋಬ್ಯಾಡ್ರಿ ಅಕ್ಕಾರ. ನಂಗ ನೋಡಾಕ ಆಗಂಗಿಲ್ಲ." ಮಾತಿನಂತೆ ನಡೆದುಕೊಂಡರು. ಆಮೇಲೆ ಬಂದವರನ್ನು ರಸ್ತೆಯ ಬೋರ್ಡಿನ ತನಕ ಕರೆದುಕೊಂಡು ಬಂದು, ನಿವಾಸದ ಕಡೆ ಕೈ ಮಾಡಿ ಅಲ್ಲಿಂದಲೇ ತಿರುಗಿ ಹೋಗುತ್ತಿದ್ದರು. ಚೇರಮನ್ ಆಗಿ ಇದ್ದಷ್ಟು ದಿನ ನನ್ನ ಹೊಸ್ತಿಲು ದಾಟಲಿಲ್ಲ.

ಊರವರೂ ಅಷ್ಟೇ. ರೊಟ್ಟಿ ಮಾರುವವಳು ಎಂದು ಹೆಸರು ಬಿತ್ತು. ಹಬ್ಬಕ್ಕೆ ಬುತ್ತಿ ಕಳಿಸುವುದನ್ನು ಬಿಟ್ಟರು, ಕೊಡ ಹೊತ್ತು ಹೋಗುವ ಹೆಂಗಸರು ನನ್ನ ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟರು. ಗಿರಾಕಿಗಳು ಬರುತ್ತಿದ್ದರು, ಉಣ್ಣುತ್ತಿದ್ದರು, ಹೋಗುತ್ತಿದ್ದರು. ಅವರಲ್ಲಿ ಎರಡನೆಯ ಸಲ ಬಂದವರು ಕಡಿಮೆ. ಗುಡಿ ಒಂದು ಸಲ ನೋಡಿದರೆ ಮುಗಿಯಿತಲ್ಲ. ಮೈಸೂರಿನ ಹೆಣ್ಣುಮಗಳೂ ಮತ್ತೆ ಬರಲಿಲ್ಲ. ನಾನು ಅವಳ ಊರು ಕೇರಿ ಕೇಳಿರಲಿಲ್ಲ, ಅವಳು ನನ್ನದನ್ನು ಕೇಳಿರಲಿಲ್ಲ. ಅದೇ ಕರಾರಿನ ಮೇಲೆ ತಾನೇ ಅವಳು ಉಂಡದ್ದು. ಒಲೆ ಉಳಿಯಿತು. ಅದರ ಮುಂದೆ ಕುಳಿತು ಮಾತಾಡುವವರು ಉಳಿಯಲಿಲ್ಲ. ಎರಡನ್ನೂ ಕೊಡಿ ಎಂದರೆ ಯಾರು ಕೊಡುತ್ತಾರೆ?

ಆದರೆ ಇದೆಲ್ಲ ಆಮೇಲಿನ ಮಾತು. ಚೇರಮನ್ರು ನೀರು ಕುಡಿದು ಹೋದ ಮರುದಿನ ಬೆಳಿಗ್ಗೆ, ಹೆಣ್ಣುಮಗಳಿಗೆ ಚಹಾ ಮಾಡಿಕೊಟ್ಟು ನಾನು ತಮ್ಮನ ಮನೆಗೆ ಹೋದೆ. ತಮ್ಮ ನನ್ನನ್ನು ನೋಡಿ ಎತ್ತಿನ ಕಣ್ಣಿ ಬಿಚ್ಚುವ ನೆಪದಲ್ಲಿ ಹಿತ್ತಿಲಿಗೆ ಹೋದ. ಸುದ್ದಿ ಮುಟ್ಟಿತ್ತು. ನಾನು ಪಡಸಾಲೆಯ ಮೂಲೆಗೆ ಹೋಗಿ ಬೀಸುವ ಕಲ್ಲಿನ ಮೇಲೆ ಇಟ್ಟಿದ್ದ ಬುಟ್ಟಿ ಕೆಳಗಿಳಿಸಿದೆ. ತಮ್ಮನ ಹೆಂಡತಿ ಅಡುಗೆಮನೆಯಿಂದ ಬಂದು ನಿಂತಳು. ಏನೂ ಕೇಳಲಿಲ್ಲ. ನಾನು ಸೆರಗನ್ನು ಸಿಂಬಿ ಸುತ್ತಿಕೊಂಡು ಬಗ್ಗಿದಾಗ, ಅವಳೇ ಒಂದು ಕಡೆ ಹಿಡಿದು ಮೇಲಿನ ಕಲ್ಲನ್ನು ನನ್ನ ತಲೆಗೆ ಹೊರಿಸಿದಳು. ಕೆಳಗಿನದಕ್ಕೆ ಇನ್ನೊಮ್ಮೆ ಬಂದೆ. ಬಿಸಿಲು ಏರುವಷ್ಟರಲ್ಲಿ ಎರಡನ್ನೂ ನಿವಾಸದ ಅಡುಗೆಮನೆಯಲ್ಲಿ ಒಂದರ ಮೇಲೊಂದು ಕೂಡಿಸಿ, ಗೂಟ ಬಡಿದು, ಒಂದು ಬೊಗಸೆ ಜೋಳ ಹಾಕಿ ತಿರುವಿದೆ.